ಜಾಸ್ತಿ ಉಜ್ಜಬೇಡಿ, ಹೆಸರು ಬರೆದಿಡಿ

ರಜೆ ಮುಗಿದು, ಬಂದ ನೆಂಟರೆಲ್ಲ ಅವರವರ ಮನೆ ಸೇರಿದ ಮೇಲೆ ಸಿಗುವ ಕೆಲವು ದಿನಗಳು ನನಗೆ ತುಂಬ ಇಷ್ಟ. ಯಾರೂ ಬರುವುದಿಲ್ಲ. ನಾವೂ ಎಲ್ಲಿಗೂ ಹೋಗಬೇಕಾಗಿಲ್ಲ. ಆದರೆ ಮನೆ ಮಾತ್ರ ಕೆದರಿ ಹೋಗಿರುತ್ತದೆ. ಅಟ್ಟದಿಂದ ಇಳಿಸಿದ ದೊಡ್ಡ ಪಾತ್ರೆಗಳು, ಹೆಚ್ಚುವರಿ ಹೊದಿಕೆ, ಉಡುಗೊರೆ ಬಂದ ಖಾಲಿ ಡಬ್ಬಗಳು, ಎಲ್ಲವೂ ಕಾಲಿಗೆ ತೊಡರುತ್ತವೆ. ಇವನ್ನು ವಾಪಸ್ ಇಡಲು ಹೋದಾಗಲೇ ಗೊತ್ತಾಗುವುದು, ಇವು ಇದ್ದ ಜಾಗದಲ್ಲಿ ಈಗ ಇನ್ನೇನೋ ತುಂಬಿಕೊಂಡಿದೆ ಅಂತ.

ಹಳೇ ಸಾಮಾನು ನೋಡಲು ಇದಕ್ಕಿಂತ ಒಳ್ಳೆ ಸಮಯ ಇಲ್ಲ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಎಲ್ಲರೂ ಸೇರಿದಾಗ ಯಾರೋ ಒಬ್ಬರು ಒಂದು ಲೋಟ ಕೈಗೆತ್ತಿಕೊಂಡು "ಇದು ಅಜ್ಜಿಯದಲ್ವಾ?" ಅನ್ನುತ್ತಾರೆ. ಅಲ್ಲಿಂದ ಕಥೆ ಶುರುವಾಗುತ್ತದೆ. ಯಾರು ಕೊಟ್ಟಿದ್ದು, ಯಾವ ಮನೆಯಲ್ಲಿತ್ತು, ಆ ತಗ್ಗು ಬಿದ್ದಿದ್ದು ಹೇಗೆ, ಹೀಗೆ ಎಲ್ಲ ಮಾತೂ ಬರುತ್ತದೆ. ಎಲ್ಲರೂ ನಗುತ್ತಾರೆ, ಇಬ್ಬರು ವಾದಕ್ಕೆ ಬೀಳುತ್ತಾರೆ, ಆಮೇಲೆ ಮಾತು ಬೇರೆ ಕಡೆ ಹೊರಳುತ್ತದೆ. ಆ ಕಥೆ ಇನ್ನೂ ಕಿವಿಯಲ್ಲಿ ಇರುವಾಗಲೇ ಬರೆದಿಡದಿದ್ದರೆ ಮುಂದಿನ ರಜೆಯ ಹೊತ್ತಿಗೆ ಅರ್ಧ ಮರೆತಿರುತ್ತದೆ. ಅದನ್ನು ಹೇಳಿದವರು ಮುಂದಿನ ಸಲ ಇರುತ್ತಾರೋ ಇಲ್ಲವೋ, ಅದೂ ನಮ್ಮ ಕೈಯಲ್ಲಿಲ್ಲ.

ಹಾಗಂತ ನೇರವಾಗಿ ಹಳೇ ಟ್ರಂಕಿಗೆ ಕೈ ಹಾಕಬಾರದು. ಅದನ್ನು ತೆರೆದರೆ ದಿನ ಅಲ್ಲೇ ಮುಗಿಯುತ್ತದೆ. ಒಂದು ಕಾಗದ ಓದುತ್ತ ಕೂತವರು ಸಂಜೆಯಾದರೂ ಏಳುವುದಿಲ್ಲ, ಮನೆ ಹಾಗೇ ಹರಡಿಕೊಂಡಿರುತ್ತದೆ. ಮೊದಲು ಯಾರ ನೆನಪೂ ಅಂಟಿಕೊಳ್ಳದ ಸಾಮಾನು ತೆಗೆಯಬೇಕು. ಯಾವ ಫೋನಿನದೋ ಗೊತ್ತಿಲ್ಲದ ಚಾರ್ಜರು, ಮುಚ್ಚಳ ಕಳೆದ ಡಬ್ಬಿ, ಅವಧಿ ಮೀರಿದ ಔಷಧಿ, ಟಿವಿ ಬಂದ ರಟ್ಟಿನ ಪೆಟ್ಟಿಗೆ. ಇವು ಹೋದರೇ ಕಪಾಟಿನಲ್ಲಿ ಎಷ್ಟೋ ಜಾಗ ಆಗುತ್ತದೆ. ಕೈಗೂ ಒಂದು ಅಭ್ಯಾಸ ಬರುತ್ತದೆ. ಹಳೆಯ ಸಾಮಾನಿಗೆ ಬೇರೆ ದಿನ ಇಟ್ಟುಕೊಳ್ಳಿ. ದಣಿದ ಮನಸ್ಸಿಗೆ ಎರಡೇ ದಾರಿ ಕಾಣುವುದು: ಎಲ್ಲ ಬಿಸಾಕು, ಇಲ್ಲ ಎಲ್ಲ ಇಟ್ಟುಕೋ. ಹಳೇ ಬಿಲ್ಲು, ರಸೀತಿಗಳ ಕಂತೆಯನ್ನು ಮಾತ್ರ ಒಂದೊಂದಾಗಿ ತೆರೆದು ನೋಡದೆ ಎಸೆಯಬೇಡಿ. ಕರೆಂಟ್ ಬಿಲ್ಲುಗಳ ನಡುವೆ ಯಾರದೋ ಕೈಬರಹದ ಕಾಗದ ಸಿಕ್ಕುವುದು ಅಪರೂಪವೇನಲ್ಲ.

ಹಿರಿಯರ ವಸ್ತು ಅಂದ ಮಾತ್ರಕ್ಕೆ ಎಲ್ಲವನ್ನೂ ಉಳಿಸಿಕೊಳ್ಳಬೇಕೆಂದು ನಾನು ನಂಬುವುದಿಲ್ಲ. ಒಂದೇ ಥರದ ಹತ್ತಾರು ತಟ್ಟೆ ಇದ್ದರೆ ಒಂದೋ ಎರಡೋ ಇಟ್ಟುಕೊಂಡು ಉಳಿದದ್ದನ್ನು ಅಣ್ಣತಮ್ಮಂದಿರು, ಅಕ್ಕತಂಗಿಯರ ಮನೆಗೆ ಹಂಚಬಹುದು. ಅಲ್ಲಿ ಅವು ದಿನಾ ಬಳಕೆಗೆ ಬರುತ್ತವೆ. ದೊಡ್ಡ ಮಂಚ, ಬೀರುಗಳಿಗೆ ಈಗಿನ ಮನೆಗಳಲ್ಲಿ ಜಾಗವೇ ಇರುವುದಿಲ್ಲ. ಕೊಡುವ ಮೊದಲು ಬೆಳಕಿರುವ ಕಡೆ ಇಟ್ಟು ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ, ಅದರ ಕಥೆ ನಾಲ್ಕು ಸಾಲು ಬರೆಯಿರಿ. ಆಮೇಲೆ ನೆಮ್ಮದಿಯಾಗಿ ಕಳಿಸಿಕೊಡಿ. ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಈ ವಸ್ತುವಿನ ಬಗ್ಗೆ ನಮ್ಮಲ್ಲಿ ಯಾರಾದರೂ ಒಂದು ಮಾತು ಹೇಳಬಲ್ಲರಾ? ಹೇಳಬಲ್ಲರಾದರೆ ಅದು ಉಳಿಯಬೇಕು, ಬೆಲೆ ಇರಲಿ ಬಿಡಲಿ. ಹಿಡಿ ಸವೆದ ಒಂದು ಚಾಕು ಹೀಗೆ ನಮ್ಮ ಮನೆಯಲ್ಲಿ ಉಳಿದಿದೆ. ಹಿಡಿ ಒಂದೇ ಕಡೆ ಸವೆದಿದೆ. ಅಜ್ಜಿ ಎಡಗೈಯವರು.

ಕಡಿಮೆ ಇದ್ದರೆ ಮಾತ್ರ ಚೆನ್ನಾಗಿ ನೋಡಿಕೊಳ್ಳಲು ಆಗುತ್ತದೆ. ಈ ನೋಡಿಕೊಳ್ಳುವ ವಿಷಯದಲ್ಲೇ ನನಗೆ ಹೇಳಬೇಕಾದ್ದು ಜಾಸ್ತಿ ಇದೆ. ಹಳೇ ವಸ್ತುವನ್ನು ಕಾಲ ಹಾಳು ಮಾಡುವುದು ನಿಧಾನವಾಗಿ. ನಮ್ಮ ಉತ್ಸಾಹ ಒಂದೇ ಮಧ್ಯಾಹ್ನದಲ್ಲಿ ಹಾಳು ಮಾಡಿಬಿಡುತ್ತದೆ. ಹೊಳೆಯಲಿ ಅಂತ ಉಜ್ಜುತ್ತೇವೆ, ಹರಿದಿದೆ ಅಂತ ಟೇಪ್ ಅಂಟಿಸುತ್ತೇವೆ, ಭದ್ರವಾಗಿರಲಿ ಅಂತ ಪ್ಲಾಸ್ಟಿಕ್ಕಿನಲ್ಲಿ ಸುತ್ತುತ್ತೇವೆ. ಎಲ್ಲವೂ ಪ್ರೀತಿಯಿಂದಲೇ. ವಸ್ತುಸಂಗ್ರಹಾಲಯಗಳಲ್ಲಿ ಹಳೇ ವಸ್ತು ಕಾಪಾಡುವವರು ಪಾಲಿಸುವ ನಿಯಮ ಇದಕ್ಕೆ ತದ್ವಿರುದ್ಧ. ಆದಷ್ಟು ಕಡಿಮೆ ಮಾಡು. ಏನು ಮಾಡಿದರೂ ಮುಂದೆ ಯಾರಾದರೂ ಅದನ್ನು ಬಿಚ್ಚಿ ಮೊದಲಿನಂತೆ ಮಾಡಲು ಬರುವಂತಿರಲಿ. ಮನೆಯಲ್ಲೂ ಈ ನಿಯಮ ಸಾಕು.

ಬೆಳ್ಳಿಯನ್ನೇ ತಗೊಳ್ಳಿ. ಬೆಳ್ಳಿ ಕಪ್ಪಾಗುವುದು ಕೊಳೆಯಿಂದಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ ತಾಗಿ ಮೇಲ್ಮೈಯಲ್ಲಿ ಸಿಲ್ವರ್ ಸಲ್ಫೈಡ್ ಅನ್ನುವ ತೆಳು ಪೊರೆ ಕಟ್ಟುತ್ತದೆ. ಅಂದರೆ ಆ ಕಪ್ಪಿನೊಳಗೂ ಬೆಳ್ಳಿಯೇ ಇದೆ. ಟೂತ್‌ಪೇಸ್ಟೋ ಪಾಲಿಷ್ ಪುಡಿಯೋ ಹಾಕಿ ಉಜ್ಜಿದಾಗ ಕಪ್ಪಿನ ಜತೆ ಬೆಳ್ಳಿಯೂ ಸವೆದು ಹೋಗುತ್ತದೆ. ವರ್ಷ ವರ್ಷ ಹೀಗೆ ಮಾಡಿದರೆ ಮೊದಲು ಮಾಯವಾಗುವುದು ಸಣ್ಣ ಕೆತ್ತನೆ, ಮತ್ತು ಅಡಿಯಲ್ಲಿ ಕೊರೆಸಿದ ಹೆಸರು. ಅದೇ ತಾನೇ ನಮಗೆ ಬೇಕಾದ್ದು!

ಉಜ್ಜದೆ ಕಪ್ಪು ತೆಗೆಯುವ ದಾರಿ ಇದೆ. ಪಾತ್ರೆಯ ಒಳಗೆ ಅಲ್ಯೂಮಿನಿಯಂ ಹಾಳೆ ಹಾಸಿ, ಬಿಸಿನೀರು ಸುರಿದು, ಅಡಿಗೆ ಸೋಡಾ ಕಲಸಿ, ಬೆಳ್ಳಿ ಆ ಹಾಳೆಗೆ ತಾಗುವಂತೆ ಕೆಲವು ನಿಮಿಷ ಬಿಡಬೇಕು. ಗಂಧಕ ಬೆಳ್ಳಿಯನ್ನು ಬಿಟ್ಟು ಅಲ್ಯೂಮಿನಿಯಂ ಕಡೆ ಹೋಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಕೊಳೆತ ಮೊಟ್ಟೆಯ ಥರ ವಾಸನೆ ಬಂದರೆ ಗಾಬರಿ ಬೇಡ, ಅದು ಗಂಧಕದ್ದು. ಆದರೆ ಕಲ್ಲು, ಮುತ್ತು ಕೂರಿಸಿದ್ದಕ್ಕೆ, ಅಂಟು ಹಾಕಿದ್ದಕ್ಕೆ, ಬೇಕೆಂದೇ ಕಪ್ಪು ತುಂಬಿಸಿದ ಕುಸುರಿ ಕೆಲಸಕ್ಕೆ ಇದು ಬೇಡವೇ ಬೇಡ. ಅವನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಕೈಗೆತ್ತಿಕೊಳ್ಳುವ ಮೊದಲು ಅಡಿಯ ಮುದ್ರೆಯನ್ನೂ ನೋಡಿ. 925 ಅಂತಿದ್ದರೆ ನೂರರಲ್ಲಿ 92.5 ಭಾಗ ಬೆಳ್ಳಿ. ಇಪಿಎನ್‌ಎಸ್ ಅನ್ನುವ ಇಂಗ್ಲಿಷ್ ಅಕ್ಷರಗಳಿದ್ದರೆ ಬೇರೆ ಲೋಹದ ಮೇಲೆ ತೆಳ್ಳಗೆ ಬೆಳ್ಳಿ ಲೇಪ ಅಷ್ಟೇ. ಅದನ್ನು ಜೋರಾಗಿ ಉಜ್ಜಿದರೆ ಲೇಪವೇ ಎದ್ದು ಹೋಗುತ್ತದೆ. ಎತ್ತಿಡುವಾಗ ರಬ್ಬರ್ ಬ್ಯಾಂಡ್ ಹಾಕಬೇಡಿ, ಉಣ್ಣೆ ಬಟ್ಟೆಯಲ್ಲಿ ಸುತ್ತಬೇಡಿ. ಎರಡರಲ್ಲೂ ಗಂಧಕ ಇದೆ.

ಹಿತ್ತಾಳೆಗೆ ಇಷ್ಟು ಯೋಚನೆ ಬೇಡ. ಹುಳಿ ಹಚ್ಚಿದರೆ ಹೊಳೆಯುವುದು ಎಲ್ಲರಿಗೂ ಗೊತ್ತು. ಹಚ್ಚಿ ಮರೆತರೆ ಮಾತ್ರ ಕಷ್ಟ. ಹಿತ್ತಾಳೆಯಲ್ಲಿ ತಾಮ್ರ, ಸತು ಎರಡೂ ಇವೆ. ಹುಳಿ ಸತುವನ್ನು ತಿಂದರೆ ಅಲ್ಲಲ್ಲಿ ತಾಮ್ರದ ಕೆಂಪು ಕಲೆ ಏಳುತ್ತದೆ. ಬೇಗ ತೊಳೆದು, ತೇವ ಉಳಿಯದಂತೆ ಒರೆಸಿಡಿ. ತುಂಬ ಹಳೆಯ ವಿಗ್ರಹಕ್ಕೆ, ದೀಪಕ್ಕೆ ಬಂದ ಆ ಕಂದು ಬಣ್ಣ ಹಾಗೇ ಇರಲಿ. ಅದು ಲೋಹವನ್ನು ಕಾಯುವ ಪದರ.

ರೇಷ್ಮೆ ಸೀರೆಗಳ ವಿಷಯಕ್ಕೆ ಬರುತ್ತೇನೆ. ಹಳೇ ರೇಷ್ಮೆ ಹರಿಯುವುದು ಹೆಚ್ಚಾಗಿ ಮಡಿಕೆಯಲ್ಲೇ. ವರ್ಷಗಟ್ಟಲೆ ಒಂದೇ ಗೆರೆಯಲ್ಲಿ ಮಡಚಿಟ್ಟರೆ ಅಲ್ಲಿಯ ಎಳೆಗಳು ಒಣಗಿ ಮುರಿಯುತ್ತವೆ, ಜರಿ ಇದ್ದರೆ ಇನ್ನೂ ಬೇಗ. ಅದಕ್ಕೇ ವರ್ಷಕ್ಕೆ ಒಂದೆರಡು ಸಲವಾದರೂ ಬಿಚ್ಚಿ, ನೆರಳಲ್ಲಿ ಗಾಳಿಗೆ ಹರಡಿ, ಮಡಿಕೆ ಬದಲಿಸಬೇಕು. ತೀರಾ ಜೀರ್ಣವಾದದ್ದನ್ನು ಹತ್ತಿ ಬಟ್ಟೆಯ ಜತೆ ಸುರುಳಿ ಸುತ್ತಿಡುವುದು ಮೇಲು. ಬಿಸಿಲಿಗೆ ಹಾಕಬೇಡಿ. ಬೆಳಕಿನಿಂದ ರೇಷ್ಮೆಗೆ ಆಗುವ ಹಾನಿ ಸೇರುತ್ತಲೇ ಹೋಗುತ್ತದೆ, ಕತ್ತಲಲ್ಲಿಟ್ಟರೆ ವಾಪಸ್ ಬರುವುದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ತೇವ ಸಿಕ್ಕಿಕೊಳ್ಳುತ್ತದೆ. ಅದಕ್ಕಿಂತ ಒಗೆದು ಒಗೆದು ಮೆತ್ತಗಾದ ಹಳೇ ಹತ್ತಿ ಬಟ್ಟೆ ಎಷ್ಟೋ ವಾಸಿ.

ನುಸಿಗುಳಿಗೆ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಆ ವಾಸನೆ ನಮಗೆ ಬಾಲ್ಯದ ನೆನಪು ತರಬಹುದು. ಆದರೂ ಆ ಗುಳಿಗೆಯ ನ್ಯಾಫ್ತಲೀನ್ ಆವಿ ಉಸಿರಿಗೆ ಒಳ್ಳೆಯದಲ್ಲ. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಅದು ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತದೆ. ಹಸುಗೂಸಿಗೆ ಸುತ್ತುವ ಬಟ್ಟೆ ಇರುವ ಪೆಟ್ಟಿಗೆಯಲ್ಲಂತೂ ಅದು ಇರಲೇಬಾರದು. ಅಸಲಿಗೆ ಬಟ್ಟೆ ತಿನ್ನುವುದು ಹಾರಾಡುವ ಪತಂಗವಲ್ಲ, ಅದರ ಮರಿಹುಳು. ಬೆವರು, ಎಣ್ಣೆ, ಊಟದ ಕಲೆ ಇರುವ ಕಡೆಗೇ ಅದು ಮೊದಲು ಬಾಯಿ ಹಾಕುತ್ತದೆ. ಶುಚಿ ಮಾಡಿ ಎತ್ತಿಟ್ಟರೆ ಅರ್ಧ ಕಾಪಾಡಿದ ಹಾಗೆ. ಉಣ್ಣೆಗೆ ಹುಳು ಬಿದ್ದೇ ಬಿಟ್ಟಿದ್ದರೆ ಗಾಳಿಯಾಡದ ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಬಹುದು. ಹೊರಗೆ ತೆಗೆದ ಮೇಲೆ ಪೂರ್ತಿ ತಂಪು ಇಳಿಯುವ ತನಕ ಚೀಲ ಬಿಚ್ಚಬಾರದು, ಇಲ್ಲದಿದ್ದರೆ ಬಟ್ಟೆಯ ಮೇಲೆ ನೀರು ಕೂರುತ್ತದೆ.

ಕಾಗದ ಇನ್ನೂ ಸೂಕ್ಷ್ಮ. ಚಿಂದಿ ಬಟ್ಟೆಯ ನಾರಿನಿಂದ ಮಾಡಿದ ಹಳೇ ಕಾಗದ ಶತಮಾನಗಳೇ ಬಾಳಿದೆ. 19ನೇ ಶತಮಾನದ ನಡುವಿನಿಂದ ಮರದ ತಿರುಳಿನ ಕಾಗದ ಬಂತು. ಅದರೊಳಗಿನ ಆಮ್ಲವೇ ಅದನ್ನು ತಿನ್ನುತ್ತ ಬರುತ್ತದೆ. ನೂರೈವತ್ತು ವರ್ಷದ ಪತ್ರ ಬೆಳ್ಳಗಿದ್ದು, ಮೊನ್ನೆ ಮೊನ್ನೆಯ ಪತ್ರಿಕೆ ತುಣುಕು ಹಪ್ಪಳದಂತೆ ಮುರಿಯುವುದು ಇದಕ್ಕೇ. ಪತ್ರಿಕೆ ತುಣುಕನ್ನು ಬೇರೆ ಪತ್ರಗಳ ಜತೆ ಇಟ್ಟರೆ ಅದರ ಕಂದು ಬಣ್ಣ ಪಕ್ಕದ ಹಾಳೆಗೂ ಇಳಿಯುತ್ತದೆ. ಬೇರೆಯೇ ಇಡಿ. ಗುಂಡುಪಿನ್ನು, ಸ್ಟೇಪಲ್ ತುಕ್ಕು ಹಿಡಿಯುವ ಮೊದಲು ನಿಧಾನವಾಗಿ ತೆಗೆಯಿರಿ. ಸೆಲ್ಲೋ ಟೇಪ್ ಅಂಟಿಸಬೇಡಿ, ಅದರ ಅಂಟು ಕಾಗದದೊಳಗೆ ಇಳಿದು ಹಳದಿ ಪಟ್ಟೆಯಾಗಿ ನಿಲ್ಲುತ್ತದೆ. ಇನ್ನು ಲ್ಯಾಮಿನೇಷನ್! ತಾತನ ಸರ್ಟಿಫಿಕೇಟನ್ನು ಕಾಪಾಡುವ ಆಸೆಯಿಂದ ಎಷ್ಟು ಜನ ಅದನ್ನು ಬಿಸಿ ಪ್ಲಾಸ್ಟಿಕ್ಕಿನ ನಡುವೆ ಸೇರಿಸಿಬಿಟ್ಟಿದ್ದಾರೆ. ಆಮೇಲೆ ಅದನ್ನು ಹೊರಗೆ ತೆಗೆಯುವುದು ಹೆಚ್ಚುಕಡಿಮೆ ಆಗದ ಮಾತು. ಆಮ್ಲವಿಲ್ಲದ ಕಾಗದದ ಕವರಿನಲ್ಲಿ ಚಪ್ಪಟೆಯಾಗಿ ಇಟ್ಟಿದ್ದರೆ ಅಷ್ಟೇ ಸಾಕಿತ್ತು. ಕಾಗದ ಮುಟ್ಟಲು ಕೈಗವಸು ಬೇಡ, ಅದರಲ್ಲಿ ಬೆರಳಿಗೆ ಹಾಳೆಯ ಅಂಚೇ ಗೊತ್ತಾಗುವುದಿಲ್ಲ. ತೊಳೆದು ಒರೆಸಿದ ಕೈ ಸಾಕು.

ಫೋಟೊ ಮುಟ್ಟುವಾಗ ಮಾತ್ರ ಅಂಚು ಹಿಡಿಯಬೇಕು. ಬೆರಳಿನ ಎಣ್ಣೆ ಅಚ್ಚಾಗಿ ಕೂರುತ್ತದೆ. ಹಳೇ ಕಪ್ಪುಬಿಳುಪು ಫೋಟೊದ ಚಿತ್ರವೂ ಬೆಳ್ಳಿಯ ಕಣಗಳೇ. ಅದಕ್ಕೇ ಕೆಲವು ಫೋಟೊಗಳ ಕಪ್ಪು ಜಾಗದಲ್ಲಿ ಓರೆಯಾಗಿ ನೋಡಿದರೆ ಕನ್ನಡಿಯಂಥ ಹೊಳಪು ಕಾಣುತ್ತದೆ. ಬಣ್ಣದ ಫೋಟೊ ಇನ್ನೂ ನಾಜೂಕು, ಕತ್ತಲಲ್ಲಿ ಇಟ್ಟರೂ ಬಣ್ಣ ಮಾಸುತ್ತದೆ. ಅಂಟು ಹಾಳೆಯ ಮೇಲೆ ಪ್ಲಾಸ್ಟಿಕ್ ಪರದೆ ಇರುವ ಆಲ್ಬಮ್ಮುಗಳು ಒಂದು ಕಾಲಕ್ಕೆ ಎಲ್ಲರ ಮನೆಯಲ್ಲೂ ಇದ್ದವು. ಫೋಟೊಗಳಿಗೆ ಅವುಗಳಷ್ಟು ಕೇಡು ಮಾಡಿದ್ದು ಬೇರೆ ಇರಲಾರದು. ಅಂಟು ಫೋಟೊವನ್ನು ತಿನ್ನುತ್ತದೆ, ಪ್ಲಾಸ್ಟಿಕ್ ಮೇಲಿನಿಂದ ಕಚ್ಚುತ್ತದೆ. ಹಲ್ಲಿನ ಸಂದಿಗೆ ಬಳಸುವ ನೂಲನ್ನು ಫೋಟೊದ ಹಿಂದೆ ತೂರಿಸಿ ಗರಗಸದ ಹಾಗೆ ಮೆಲ್ಲಗೆ ಆಡಿಸಿದರೆ ಹೆಚ್ಚಿನವು ಬಿಡುತ್ತವೆ. ಬಿಡದಿದ್ದರೆ ಜಗ್ಗಬೇಡಿ, ಪುಟವನ್ನೇ ಸ್ಕ್ಯಾನ್ ಮಾಡಿ. ಫ್ರೇಮಿನ ಗಾಜಿಗೆ ಅಂಟಿದ್ದರೂ ಇದೇ ಮಾತು.

ಅಂಥ ಒಂದು ಆಲ್ಬಮ್ಮಿನಿಂದ ಈ ಸಲ ಒಂದು ಫೋಟೊ ಬಿಡಿಸಿದೆ. ಅಂಗೈಗಿಂತ ಚಿಕ್ಕದು. ಅಂಚು ಅಲೆಅಲೆಯಾಗಿ ಕತ್ತರಿಸಿದೆ. ಇಬ್ಬರು ಹುಡುಗಿಯರು ಒಂದೇ ಕುರ್ಚಿಯಲ್ಲಿ ಒತ್ತರಿಸಿಕೊಂಡು ಕೂತಿದ್ದಾರೆ. ಒಬ್ಬಳ ಕೈ ಇನ್ನೊಬ್ಬಳ ಭುಜದ ಮೇಲಿದೆ, ಆ ಕೈಯಲ್ಲಿ ಕಾಲಿಗೆ ಹಾಕುವ ಚಪ್ಪಲಿಯಿದೆ! ಅಲುಗಾಡಿದ್ದಕ್ಕೋ ಏನೋ ಒಬ್ಬಳ ಮುಖ ಸ್ವಲ್ಪ ಮಸುಕು. ಹಿಂದೆ ಏನೂ ಬರೆದಿಲ್ಲ. ಇದು ಅಜ್ಜಿ ಮತ್ತು ಅವರ ತಂಗಿ ಅಂತಲೇ ನಾವೆಲ್ಲ ತಿಳಿದಿದ್ದೆವು. ಫೋನಿನಲ್ಲಿ ತೆಗೆದು ದೊಡ್ಡಮ್ಮನಿಗೆ ಕಳಿಸಿದೆ. ತಕ್ಷಣ ಫೋನು ಬಂತು.

"ಅದು ತಂಗಿ ಅಲ್ಲ ಕಣೇ. ಪಕ್ಕದ ಮನೆ ಗೆಳತಿ. ಇಬ್ಬರೂ ಒಟ್ಟಿಗೆ ಓದಿದ್ದು. ಅವಳ ಮದುವೆ ಆಗಿ ದೂರ ಹೋಗುವ ಮೊದಲು ತೆಗೆಸಿಕೊಂಡ ಫೋಟೊ."

"ಚಪ್ಪಲಿ ಯಾಕೆ ದೊಡ್ಡಮ್ಮ?"

"ಅದು ಅವಳದು, ಹೊಸದು. ಫೋಟೊದಲ್ಲಿ ಕಾಲು ಬರಲ್ಲ ಅಂತ ಹೇಳಿದರಂತೆ. ಅದಕ್ಕೇ ನಿಮ್ಮಜ್ಜಿ ಕೈಯಲ್ಲಿ ಹಿಡಿದುಕೊಂಡರಂತೆ, ಬರಲೇಬೇಕು ಅಂತ."

ಈ ಮಾತು ಗೊತ್ತಿರುವವರು ಈಗ ದೊಡ್ಡಮ್ಮ ಒಬ್ಬರೇ. ಹೊಳೆಯುವ ಬೆಳ್ಳಿ ತಟ್ಟೆ ಕಪ್ಪಾದರೆ ಮತ್ತೆ ಬೆಳ್ಳಗೆ ಮಾಡಬಹುದು. ಈ ಮಾತು ಹೋದರೆ ಯಾವ ಸೋಡಾದಿಂದಲೂ ತರಲಾಗದು. ಹೆಸರಿಲ್ಲದ ಫೋಟೊ ಎರಡು ತಲೆಮಾರಿನ ನಂತರ ಯಾರೋ ಅಪರಿಚಿತರ ಫೋಟೊ ಆಗುತ್ತದೆ, ಮತ್ತು ಅದನ್ನು ಎಸೆಯುವವರ ತಪ್ಪೂ ಇರುವುದಿಲ್ಲ. ಆದ್ದರಿಂದ ದಿನಕ್ಕೆ ಒಂದೇ ಕೆಲಸಕ್ಕೆ ಸಮಯ ಇದ್ದರೆ ಒರೆಸುವುದು, ಜೋಡಿಸುವುದು ಬಿಟ್ಟು ಬರೆಯಿರಿ. ಹಿಂಬದಿಯ ಅಂಚಿನಲ್ಲಿ, ಮೆತ್ತನೆ ಪೆನ್ಸಿಲಿನಲ್ಲಿ, ಒತ್ತದೆ. ಬಾಲ್‌ಪೆನ್ನು ಬೇಡ, ಅದರ ಗೆರೆ ಮುಂದಿನ ಮುಖಕ್ಕೆ ಉಬ್ಬುತ್ತದೆ. ಹಿಂಬದಿ ನುಣುಪಾಗಿದ್ದು ಪೆನ್ಸಿಲು ಮೂಡದಿದ್ದರೆ ಕಾಗದದ ಕವರಿನ ಮೇಲೆ ಬರೆದು, ಒಣಗಿದ ಮೇಲೆ ಫೋಟೊ ಒಳಗಿಡಿ. "ಅಜ್ಜಿ" ಅಂತ ಬರೆದರೆ ಸಾಲದು. ನಮ್ಮ ಮಕ್ಕಳ ಮಕ್ಕಳಿಗೆ ಯಾವ ಅಜ್ಜಿ? ಪೂರ್ತಿ ಹೆಸರು, ಊರು, ಅಂದಾಜು ವರ್ಷ, ಹೇಳಿದವರು ಯಾರು, ಇಷ್ಟೂ ಇರಲಿ. ಅಂದಾಜಾದರೆ ಅಂದಾಜು ಅಂತಲೇ ಬರೆಯಿರಿ.

ಕೈಗಡಿಯಾರ, ಹೊಲಿಗೆ ಯಂತ್ರಗಳಂಥವು ತಮ್ಮ ಕಥೆಯ ಒಂದು ಭಾಗವನ್ನು ತಾವೇ ಹೇಳಬಲ್ಲವು. ಹಳೇ ಸಿಂಗರ್ ಯಂತ್ರದ ಮೈಮೇಲೆ ಕೊರೆದ ನಂಬರಿನಿಂದ ಅದು ಯಾವ ವರ್ಷದ್ದು ಅಂತ ಕಂಡುಕೊಳ್ಳಬಹುದು. ಅದಕ್ಕೆ ಅಡಿಗೆ ಎಣ್ಣೆ ಬಿಡಬೇಡಿ, ಗಟ್ಟಿಯಾಗಿ ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆಯೇ ಬೇಕು. ಎಷ್ಟೋ ವರ್ಷ ನಿಂತಿದ್ದ ಕೀಲಿ ಗಡಿಯಾರಕ್ಕೆ ಉತ್ಸಾಹದಿಂದ ಕೀಲಿ ಕೊಡುವುದೂ ಬೇಡ. ಒಳಗಿನ ಎಣ್ಣೆ ಒಣಗಿರುತ್ತದೆ, ಹಲ್ಲುಚಕ್ರ ಸವೆಯುತ್ತದೆ. ಕತ್ತಲಲ್ಲಿ ಹೊಳೆಯುವಂತೆ ಬಣ್ಣ ಹಚ್ಚಿದ, 1960ರ ದಶಕಕ್ಕಿಂತ ಹಿಂದಿನ ಗಡಿಯಾರವಾದರೆ ಮುಚ್ಚಳವನ್ನೂ ತೆಗೆಯಬೇಡಿ. ಅದರಲ್ಲಿ ರೇಡಿಯಂ ಅನ್ನುವ, ವಿಕಿರಣ ಸೂಸುವ ಲೋಹ ಇರುವ ಸಾಧ್ಯತೆ ಇದೆ. ಅದರ ಹೊಳಪು ಯಾವತ್ತೋ ಹೋಗಿರುತ್ತದೆ, ಆದರೆ ರೇಡಿಯಂನ ಅರ್ಧಾಯುಷ್ಯ, ಅಂದರೆ ಅದರ ವಿಕಿರಣ ಅರ್ಧಕ್ಕೆ ಇಳಿಯುವ ಕಾಲ, ಸುಮಾರು 1600 ವರ್ಷ.

ಇವನ್ನೆಲ್ಲ ಇಡುವುದೆಲ್ಲಿ? ಅಟ್ಟದಲ್ಲಿ ಬೇಡ, ಬಿಸಿಲಿಗೆ ಕಾಯುತ್ತದೆ. ನೆಲದ ಮೇಲೆ, ಬಚ್ಚಲಿನ ಗೋಡೆಗೆ ತಾಗಿದ ಕಪಾಟಿನಲ್ಲಿ ಬೇಡ, ತೇವ ಹಿಡಿಯುತ್ತದೆ. ನಾವು ದಿನಾ ಓಡಾಡುವ ಕೋಣೆಯ, ಹೊರಗೋಡೆಗೆ ತಾಗದ ಕಪಾಟಿನ ನಡುವಿನ ಹಲಗೆ ಎಲ್ಲಕ್ಕಿಂತ ಒಳ್ಳೆಯದು. ಅಂಥ ಜಾಗ ಮನೆಯಲ್ಲಿ ಇರುವುದೇ ಸ್ವಲ್ಪ. ಮೊದಲ ದಿನ ಎಸೆದ ಚಾರ್ಜರು, ರಟ್ಟಿನ ಪೆಟ್ಟಿಗೆಗಳ ಜಾಗ ಈಗ ಕೆಲಸಕ್ಕೆ ಬರುತ್ತದೆ.

ಮುಂದೆ ಯಾವುದು ಯಾರಿಗೆ ಅನ್ನುವ ಮಾತನ್ನೂ ಈ ದಿನಗಳಲ್ಲೇ ಆಡಿಬಿಡುವುದು ಒಳ್ಳೆಯದು. ಎಳೆಯರನ್ನು "ನಿನಗೆ ಇದರಲ್ಲಿ ಯಾವುದು ಬೇಕು?" ಅಂತ ಕೇಳಬೇಕು, ಹೊರಿಸಬಾರದು. ಬೇಡ ಅಂದರೆ ಬೇಸರ ಮಾಡಿಕೊಳ್ಳಬಾರದು. ಅಣ್ಣನ ಮಗಳು ಬೆಳ್ಳಿ ಕಡೆ ತಿರುಗಿಯೂ ನೋಡಲಿಲ್ಲ. ಸವೆದ ಚಾಕು ಕೇಳಿದಳು. ಅವಳೂ ಎಡಗೈಯವಳು.

ಈ ಸಲ ಉಳಿದಿರುವುದು ಒಂದು ಕ್ಯಾಸೆಟ್. ಕ್ಯಾಸೆಟ್ ಬಂದದ್ದು 1963ರಲ್ಲಿ. ಮನೆಯವರ ದನಿ ಮನೆಯಲ್ಲೇ ಹಿಡಿದಿಡುವುದು ಅದರಿಂದ ಎಲ್ಲರಿಗೂ ಸುಲಭವಾಯಿತು. ಆದರೆ ಟೇಪು ಹಾಳಾಗುತ್ತದೆ, ಅದನ್ನು ಕೇಳಿಸುವ ಯಂತ್ರಗಳು ಅದಕ್ಕಿಂತ ಬೇಗ ಇಲ್ಲವಾಗುತ್ತಿವೆ. 2019ರಲ್ಲಿ ಯುನೆಸ್ಕೊ ಕೂಡ ಈ ಬಗ್ಗೆ ಜಗತ್ತಿನ ಸಂಗ್ರಹಾಲಯಗಳನ್ನು ಎಚ್ಚರಿಸಿತ್ತು. ನಮ್ಮದರ ಮೇಲೆ ಹಳೇ ಶಾಯಿಯಲ್ಲಿ "ಎಲ್ಲರೂ" ಅಂತ ಬರೆದಿದೆ, ಅಷ್ಟೇ. ತಪ್ಪಿ ಗುಂಡಿ ಒತ್ತಿದರೂ ಮೇಲೆ ಬೇರೇನೂ ರೆಕಾರ್ಡ್ ಆಗದಿರಲಿ ಅಂತ ಅಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ತುಂಡು ಮುರಿದಿದ್ದೇನೆ. ಬೂಷ್ಟು ಹಿಡಿದಿಲ್ಲ. ಗೆಳತಿಯೊಬ್ಬಳು ನಾಳೆ ತನ್ನ ಪ್ಲೇಯರ್ ತರುತ್ತಾಳೆ. ಅದರೊಳಗೆ ಟೇಪನ್ನು ಓದುವ ಹೆಡ್ ಒರೆಸಿ, ಮೊದಲ ಸಲ ಓಡಿಸುವಾಗಲೇ ಕಂಪ್ಯೂಟರಿಗೆ ತುಂಬಿಸಿಕೊಳ್ಳುತ್ತೇವೆ, ಎರಡನೇ ಸಲ ಓಡುತ್ತದೋ ಇಲ್ಲವೋ ಗ್ಯಾರಂಟಿ ಇಲ್ಲವಲ್ಲ. ದೊಡ್ಡಮ್ಮನಿಗೆ ಹೇಳಿಟ್ಟಿದ್ದೇನೆ, ಫೋನಿನಲ್ಲಿ ಕೇಳಿಸುತ್ತೇನೆ, ಯಾವ ದನಿ ಯಾರದು ಅಂತ ಒಂದೊಂದಾಗಿ ಹೇಳಬೇಕು ಅಂತ. ಪೆನ್ಸಿಲು, ಪುಸ್ತಕ ಮೇಜಿನ ಮೇಲಿದೆ.